ಹತ್ತು ಲಕ್ಷದ ಮೂರು

ಮೊನ್ನೆ ಗಾಂಧಿ ಬಜಾರಿನಲ್ಲಿ ಮಗಳಿಗೊಂದು ಸ್ಲೇಟು ಕೊಳ್ಳುತ್ತಿದ್ದೆ. ಅಂಗಡಿಯವನು ಬಳಪವನ್ನು ಕಿರ್ರೆಂದು ಎಳೆದು ತೋರಿಸಿದ. ಅಷ್ಟೇ ಸಾಕಾಯಿತು. ಹೊಸಮನೆ ಬಡಾವಣೆಯ ನಮ್ಮ ಮನೆಯ ನಡುಕೋಣೆ, ಒದ್ದೆ ಸ್ಲೇಟಿನ ವಾಸನೆ, ವಿಭೂತಿ ಹಚ್ಚಿಕೊಂಡು ಕೂತ ಅಜ್ಜ, ಎಲ್ಲ ಎದುರಿಗೆ ಬಂದು ನಿಂತವು. ಈಗ ಆ ಮನೆಯೂ ಇಲ್ಲ, ಆ ಜನರೂ ಇಲ್ಲ. ಬಟ್ಟೆ ವ್ಯಾಪಾರಿಯಾಗಿದ್ದ ಅಜ್ಜನಿಗೆ ಸಂಖ್ಯೆ ಒಡೆಯುವ ಹುಚ್ಚು. ಭದ್ರಾವತಿಯ ದಾರಿಯಲ್ಲಿ ಎದುರಾದ ಲಾರಿಯ ನಂಬರನ್ನೂ ಬಿಡುತ್ತಿರಲಿಲ್ಲ. ಏಳರಿಂದಲೋ ಹದಿಮೂರರಿಂದಲೋ ಶೇಷವಿಲ್ಲದಂತೆ ಭಾಗಿಸಿ, ಗೆದ್ದವರಂತೆ ಮೀಸೆ ತಿರುವುತ್ತಿದ್ದರು. ಸಂಖ್ಯೆ ದೊಡ್ಡದಾದರೆ ಎಲ್ಲಾದರೂ ಒಡೆದೇ ಒಡೆಯುತ್ತದೆ ಎಂಬುದು ಅವರ ನಂಬಿಕೆ.

ಅವರ ಕಿರಿಯ ಮಗಳು ಗಿರಿಜತ್ತೆ ಡಿಗ್ರಿ ಮುಗಿಸಿ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎಸ್ಸಿ. ಓದುತ್ತೇನೆಂದು ಹಟ ಹಿಡಿದಳು. ಅಜ್ಜ ಭದ್ರಾವತಿಯ ಗಂಡಿನ ಕಡೆಯವರಿಗೆ ಮಾತು ಕೊಡುವುದರಲ್ಲಿದ್ದರು. ನೇರವಾಗಿ ಬೇಡವೆನ್ನಲು ಮನಸ್ಸಾಗದೆ, ಊಟಕ್ಕೆ ಕೂತಾಗ ಒಂದು ಸಂಖ್ಯೆ ಎಸೆದರು.

"ಹತ್ತು ಲಕ್ಷದ ಮೂರು. ಇದನ್ನ ಒಡಿ, ಹೂಂ ಅಂತೀನಿ."

ಸುಮ್ಮನೆ ಬಾಯಿಗೆ ಬಂದ ಸಂಖ್ಯೆ ಅದು, 10,00,003. ಅತ್ತೆ ಸ್ಲೇಟು ಹಿಡಿದು ಕೂತಳು. ಮೂರರಿಂದ ಭಾಗಿಸಿದರೆ ಒಂದು ಉಳಿಯಿತು. ಏಳರಿಂದಲೂ ಹನ್ನೊಂದರಿಂದಲೂ ಹದಿಮೂರರಿಂದಲೂ ನಾಲ್ಕು ಉಳಿಯಿತು. ರೊಟ್ಟಿ ತಟ್ಟುವಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು. ಅಡ್ಮಿಷನ್ನಿನ ಕೊನೆಯ ದಿನ ಹತ್ತಿರವಾಗುವ ಹೊತ್ತಿಗೆ ಒಂಬೈನೂರ ತೊಂಬತ್ತೇಳಕ್ಕೆ ಬಂದಿದ್ದಳು. ಅಲ್ಲೂ ಹನ್ನೆರಡು ಉಳಿದದ್ದನ್ನು ನೋಡಿ ಬಳಪ ಕೆಳಗಿಟ್ಟಳು.

"ಇದು ಒಡೆಯಲ್ಲ, ಅಪ್ಪಾಜಿ."

"ಸೋತೆ ಅನ್ನು."

"ಸೋತಿಲ್ಲ. ಒಡೆಯಲ್ಲ ಅನ್ನೋದೇ ಉತ್ತರ. ಸಾವಿರದ ತನಕ ನೋಡಿದೀನಿ."

"ಅದರಾಚೆ ಇನ್ನೂ ಲಕ್ಷಗಟ್ಟಲೆ ಇದಾವಲ್ಲೇ ಮಾರಾಯ್ತಿ!"

"ಆಚೆ ನೋಡೋದು ಬೇಡ. ಎರಡು ಸಂಖ್ಯೆ ಗುಣಿಸಿದ್ರೆ ತಾನೇ ಇದು ಬರಬೇಕು? ಎರಡೂ ಸಾವಿರ ದಾಟಿದ್ರೆ ಇದನ್ನ ಮೀರಿ ಹೋಗುತ್ತೆ. ಒಂದಾದ್ರೂ ಸಾವಿರದೊಳಗೆ ಸಿಗಬೇಕಿತ್ತು. ಸಿಗಲಿಲ್ಲ."

ಅಜ್ಜನ ತಲೆಗೆ ಅದು ಹತ್ತಲಿಲ್ಲ, ಅಥವಾ ಅವರು ಹತ್ತಿಸಿಕೊಳ್ಳಲಿಲ್ಲ. ಪೂರ್ತಿ ನೋಡದೆ ಹೂಂ ಅನ್ನುವುದಿಲ್ಲವೆಂದು ಸ್ಲೇಟು ಎಳೆದುಕೊಂಡು, ಸಾವಿರದ ಒಂದರಿಂದ ತಾವೇ ಶುರು ಮಾಡಿದರು. ಮರುದಿನ ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆಯುಟ್ಟು ಅವರೆದುರು ನಿಂತಳು. "ನೀವು ಭಾಗಿಸ್ತಾ ಇರಿ, ನಾನು ಹೋಗಿ ಸೇರ್ಕೊಂಡು ಬರ್ತೀನಿ," ಎಂದವಳೇ ಶಂಕರಘಟ್ಟದ ಬಸ್ಸು ಹತ್ತಿದಳು. ಅಜ್ಜ ತಲೆಯೆತ್ತಲಿಲ್ಲ.

ಅತ್ತೆ ಎಂ.ಎಸ್ಸಿ. ಮುಗಿಸಿದಳು, ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಹೇಳಿದಳು, ತನಗೆ ಬೇಕೆನಿಸಿದಾಗ ಬೇಕಾದವರನ್ನು ಮದುವೆಯಾದಳು. ಅಜ್ಜ ಎಲ್ಲದಕ್ಕೂ ಬಂದರು, ಉಂಡರು, ಹರಸಿದರು; ಆ ಒಂದು ಹೂಂ ಮಾತ್ರ ಅವರ ಬಾಯಿಂದ ಬರಲಿಲ್ಲ. ಈ ವಿಷಯಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಅತ್ತೆಗೆ ಅದು ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ಅಜ್ಜ ಹಾಸಿಗೆ ಹಿಡಿದಾಗ, ಒಂದು ಮಧ್ಯಾಹ್ನ ಅವಳನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. "ಸಾವಿರಕ್ಕೇ ಯಾಕೆ ನಿಲ್ಲಿಸ್ದೆ? ಇನ್ನೊಂದ್ಸಲ ಹೇಳು," ಎಂದರು. ಅತ್ತೆ ಮಂಚದ ಪಕ್ಕ ಕೂತು, ಸಣ್ಣ ಸಂಖ್ಯೆಯೊಂದನ್ನು ತೆಗೆದುಕೊಂಡು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಶುರು ಮಾಡಿದಳು. ಅರ್ಧಕ್ಕೇ ಅಜ್ಜನ ಉಸಿರು ನಿಂತಿತು, ಕೈ ಅವಳ ಕೈಯಿಂದ ಜಾರಿತು. ಅಮ್ಮ ಅಳುತ್ತಾ ಓಡಿ ಬಂದರು. ಅತ್ತೆ ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ ಉಳಿದರ್ಧವನ್ನೂ ಹೇಳಿ ಮುಗಿಸಿ, ಆಮೇಲೆ ಅತ್ತಳು.