ಏಳನೇ ಸುತ್ತಿನಲ್ಲಿ ಅಡ್ಡ ಬಂದ ನಾಯಿ

ಬೆಳಿಗ್ಗೆ ಐದೂ ಮುಕ್ಕಾಲು. ದೇವನಹಳ್ಳಿ ಪಕ್ಕದ ಆವತಿ ದಾಟಿ ಎರಡು ಕಿಲೋಮೀಟರ್ ಒಳಕ್ಕೆ, ಖಾಸಗಿ ರೇಸ್ ಟ್ರ್ಯಾಕೊಂದರ ಗಿಡ್ಡ ಗೋಡೆಯ ಪಕ್ಕ ಜಬೀನ್ ನಿಂತಿದ್ದಾರೆ. ಕೊರಳಲ್ಲಿ ಎರಡು ಸ್ಟಾಪ್‌ವಾಚ್, ಕೈಯಲ್ಲಿ ಉದ್ದನೆಯ ನೋಟ್‌ಬುಕ್, ತಲೆ ಮೇಲಿನ ದುಪಟ್ಟಾದ ಮೇಲೊಂದು ಕ್ರಿಕೆಟ್ ಟೋಪಿ. ಬೈಕುಗಳು ಇನ್ನೂ ಶೆಡ್ಡಿನಿಂದ ಹೊರಗೆ ಬಂದಿಲ್ಲ. ಅವರು ಆಕಾಶ ನೋಡುತ್ತಿದ್ದಾರೆ.

“ಪ್ಲೇನು ಯಾವ ಕಡೆಯಿಂದ ಇಳೀತಿದೆ ನೋಡಿ ಸರ್,” ಅನ್ನುತ್ತಾರೆ. “ಅದು ಯಾವಾಗ್ಲೂ ಗಾಳಿಗೆ ಎದುರಾಗೇ ಇಳಿಯೋದು. ಇವತ್ತು ಪಡುವಲ ಗಾಳಿ. ಹಿಂದ್ಗಡೆ ಉದ್ದ ರಸ್ತೇಲಿ ಬೈಕಿಗೆ ಎದುರು ಹೊಡಿಯತ್ತೆ. ಒಂದು ಸುತ್ತಲ್ಲಿ ಎರಡು ಪಾಯಿಂಟ್, ಅಂದ್ರೆ ಸೆಕೆಂಡಲ್ಲಿ ಹತ್ತರಲ್ಲೆರಡು ಪಾಲು, ಜಾಸ್ತಿ ತಗೊಂಡ್ರೆ ಇವತ್ತು ಹುಡುಗ್ರನ್ನ ಬೈಬಾರದು.” ಹಾಗೆಂದು ನೋಟ್‌ಬುಕ್ಕಿನ ಮೇಲ್ತುದಿಯಲ್ಲಿ ‘ಗಾಳಿ: ಪಡುವಲ’ ಎಂದು ಬರೆದುಕೊಳ್ಳುತ್ತಾರೆ.

ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಿದ್ದರಿಂದ ಯಾರ್‍ಯಾರಿಗೆ ಏನೇನು ಲಾಭವಾಯಿತೋ ನಾನರಿಯೆ, ಜಬೀನ್ ಅವರಿಗಂತೂ ಗಾಳಿ ನೋಡುವ ಯಂತ್ರವೊಂದು ಪುಕ್ಕಟೆ ಸಿಕ್ಕಿದೆ.

ರೇಸಿನ ವಿಷಯದಲ್ಲಿ ನಾನು ಪೂರಾ ಅಮಾಯಕ. ಕಡಿಮೆ ಸಮಯದಲ್ಲಿ ಸುತ್ತು ಮುಗಿಸಿದವನು ಗೆದ್ದ, ಅಷ್ಟೇ ಅಂದುಕೊಂಡಿದ್ದೆ. ಅದನ್ನು ಹೇಳಿದ್ದೇ ತಡ, ಜಬೀನ್ ಮಗುವನ್ನು ನೋಡುವಂತೆ ನನ್ನನ್ನು ನೋಡುತ್ತಾರೆ. ರೇಸಿನ ದಿನ ಹಾಗೇ ಸರಿ. ಆದರೆ ಸೀಸನ್ ಶುರುವಾಗುವ ಮುಂಚೆ ನಡೆಯುವ ಈ ಪರೀಕ್ಷೆಯ ಓಟಗಳಲ್ಲಿ ಪರದೆಯ ಮೇಲೆ ಮೂಡುವ ಸಂಖ್ಯೆ ಅರ್ಧ ಮಾತು ಮಾತ್ರ. ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಟಯರು ಎಷ್ಟು ಸವೆದಿತ್ತು, ಗಾಳಿ ಯಾವ ಕಡೆಯದು, ಓಡಿಸಿದವರು ಪೂರಾ ದಮ್ಮು ಕಟ್ಟಿ ಓಡಿಸಿದರೋ ಕೈ ಹಿಡಿದು ಓಡಿಸಿದರೋ. ಉಳಿದರ್ಧ ಮಾತು ಅಲ್ಲಿರುತ್ತದೆ, ಅದನ್ನು ಓದಿ ಹೇಳುವುದೇ ಇವರ ಕೆಲಸ. ದಿನಕ್ಕೆ ಸುಮಾರು ನೂರಿಪ್ಪತ್ತು ಸುತ್ತು. ಹತ್ತೊಂಬತ್ತು ವರ್ಷ, ಮೂವತ್ತನಾಲ್ಕು ನೋಟ್‌ಬುಕ್. ಪೇಪರಿನಲ್ಲಿ ಇಷ್ಟು ದಿನ ಒಂದು ಸಲವೂ ಹೆಸರು ಬಂದಿಲ್ಲ.

ಜಬೀನ್ ಅವರ ತಂದೆ ಅನೀಸ್ ಅಹಮದ್ ದೇವನಹಳ್ಳಿ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿ ಮಾಡುತ್ತಿದ್ದವರು. ಎಲ್ಲರ ಕೈಗೂ ಮೊಬೈಲ್ ಬಂದು ವಾಚ್ ಕಟ್ಟುವವರೇ ಕಡಿಮೆಯಾಗಿದ್ದ ಕಾಲದಲ್ಲಿ, ರೇಸ್ ತಂಡದವರೊಬ್ಬರು ಕೆಟ್ಟ ಸ್ಟಾಪ್‌ವಾಚ್ ಹಿಡಿದು ಅಂಗಡಿಗೆ ಬಂದರು. ರಿಪೇರಿಯಾದ ವಾಚನ್ನು ಪರೀಕ್ಷಿಸಲು ಅಂಗಡಿಯಲ್ಲಿದ್ದ ಮಗಳ ಕೈಗೆ ಕೊಟ್ಟರು. ಹತ್ತು ಸಲ ಒತ್ತಿಸಿದರೆ ಹತ್ತು ಸಲವೂ ಸರಿಯಾದ ಕ್ಷಣಕ್ಕೆ ಒತ್ತಿದಳು ಹುಡುಗಿ. ಮುಂದಿನ ವಾರದಿಂದಲೇ ಕೆಲಸ.

“ಅಬ್ಬಾ ಹೇಳ್ತಿದ್ರು, ಹೋಗು, ಟೈಮ್ ನೋಡೋದು ನಮ್ಮ ಮನೆ ಕೆಲಸ ಅಂತ,” ಎಂದು ನಗುತ್ತಾರೆ. ನೆಂಟರು ಮಾತ್ರ ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಗಂಡಸರು ಬೈಕ್ ಓಡಿಸುವಲ್ಲಿ ಇವಳಿಗೇನು ಕೆಲಸ ಎಂದು ಮನೆಗೇ ಬಂದು ಕೇಳಿದರು. ಟ್ರ್ಯಾಕಿನಲ್ಲಿ ಟೀ ಕೊಡಲು ಬಂದವಳೆಂದು ತಿಳಿದು ಎರಡು ವರ್ಷ ಲೋಟ ಚಾಚಿದವರೂ ಇದ್ದರು. “ಕೊಡ್ತಿದ್ದೆ ಸರ್, ಏನೀಗ? ಟೀ ಕುಡೀತಾ ಕುಡೀತಾ ಅವರೇ ಪೆಟ್ರೋಲ್ ಎಷ್ಟು ಹಾಕ್ಸಿದೀವಿ ಅಂತ ಬಾಯ್ಬಿಟ್ಬಿಡೋರು.” ಟೆಸ್ಟಿಂಗ್ ಇಲ್ಲದ ದಿನಗಳಲ್ಲಿ ಅಬ್ಬಾ ಬಿಟ್ಟುಹೋದ ಅಂಗಡಿಯ ಬಾಗಿಲು ತೆಗೆದು ಕೂರುತ್ತಾರೆ, ಶಾಲಾ ಕ್ರೀಡಾಕೂಟಗಳಿಗೆ ಕರೆದರೆ ಹೋಗಿ ಟೈಮ್ ಹಿಡಿಯುತ್ತಾರೆ.

ನಾನು ಹೋಗಿದ್ದು ಮೂರು ದಿನದ ಟೆಸ್ಟಿಂಗಿನ ಕೊನೆಯ ದಿನ. ತಂಡದಲ್ಲಿರುವುದು ಒಂದೇ ಸೀಟು, ಅದಕ್ಕೆ ಇಬ್ಬರು. ಇಪ್ಪತ್ತೇಳನೇ ನಂಬರಿನ ಬೈಕಿನಲ್ಲಿ ಕುಂದಾಣದ ಹರ್ಷಿತ, ಮೂವತ್ತೊಂದರಲ್ಲಿ ಹೊಸಕೋಟೆಯ ಅಜರ್. ಯಾರ ಹೆಸರೆಂದು ಅವತ್ತು ಬೆಳಿಗ್ಗೆ ಹತ್ತಕ್ಕೆ ರೇಸ್ ನಡೆಸುವವರಿಗೆ ಕಳಿಸಬೇಕು. ಕಳಿಸುವವರು ತಂಡದ ಮ್ಯಾನೇಜರ್ ಪ್ರಮೋದಾ. ಹಿಂದಿನ ದಿನ ತಾಯಿಯ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗಿದ್ದ ಜಬೀನ್ ಟ್ರ್ಯಾಕಿಗೆ ಬಂದಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಟೆಸ್ಟಿಂಗ್ ತಪ್ಪಿಸಿಕೊಂಡ ಮೂರನೇ ದಿನ ಅದು, ಇಬ್ಬರೂ ಹತ್ತು ಸುತ್ತಿನ ಮುಖ್ಯ ಓಟ ಓಡಿದ್ದೂ ಅದೇ ದಿನ. ಅದರ ಫಲಿತಾಂಶದ ಹಾಳೆ ತಂಡದ ಡೇರೆಯ ಕಂಬದ ಮೇಲೆ ಅಂಟಿಸಿತ್ತು.

ಆರೂವರೆಗೆ ಟೀ ಲೋಟ ಹಿಡಿದು ಜಬೀನ್ ಆ ಹಾಳೆಯ ಮುಂದೆ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ನನಗದು ಬಸ್ ವೇಳಾಪಟ್ಟಿಯಂತೆ ಕಾಣುತ್ತದೆ. ಇಪ್ಪತ್ತೇಳರ ಸಾಲಿನಲ್ಲಿ ಎರಡನೇ ಸುತ್ತಿಗೇ 73.6 ಸೆಕೆಂಡು, ಆಮೇಲೆ ಒಂದೊಂದು ಸುತ್ತೂ ನಿಧಾನವಾಗುತ್ತಾ ಕೊನೆಗೆ 75.7. ಮೂವತ್ತೊಂದರ ಸಾಲಿನಲ್ಲಿ ಮೊದಲು ನಿಧಾನ, ನಾಲ್ಕನೆಯದರಿಂದ 74.2, 74.3, 74.2 ಎಂದು ಒಂದೇ ಸಮ. ನಡುವೆ ಏಳನೇ ಸುತ್ತು ಮಾತ್ರ 81.3. ಅದರ ಮೇಲೆ ಪ್ರಮೋದಾ ಪೆನ್ಸಿಲಿನಿಂದ ಗೆರೆ ಎಳೆದು ಲೆಕ್ಕದಿಂದ ಬಿಟ್ಟಿದ್ದಾರೆ. ಹಾಳೆಯ ಪ್ರಕಾರ ಹರ್ಷಿತ ದಮ್ಮು ಸಾಲದೆ ಸೋತಿದ್ದಾಳೆ, ಅಜರ್ ಗೆದ್ದಿದ್ದಾನೆ.

ಟೀ ಆರಿ ತಣ್ಣಗಾಗುತ್ತದೆ. ಜಬೀನ್ ಕುಡಿಯುವುದಿಲ್ಲ.

“ಇದು ಈ ಹುಡುಗಿ ಓಡ್ಸಿದ್ದಲ್ಲ ಸರ್,” ಎಂದು ಮೆಲ್ಲಗೆ ಹೇಳುತ್ತಾರೆ.

ನೋಟ್‌ಬುಕ್ ಬಿಡಿಸಿ ಹಳೆಯ ಪುಟಗಳನ್ನು ತೋರಿಸುತ್ತಾರೆ. ಹರ್ಷಿತ ಯಾವತ್ತೂ ಮೊದಲ ಮೂರು ಸುತ್ತು ಟಯರು ಬಿಸಿ ಮಾಡಿಕೊಳ್ಳುತ್ತಾಳೆ, ಆಮೇಲೆ ಮಗ್ಗದ ಲಾಳಿಯಂತೆ ಹೋದಂಗೆ ಬರುತ್ತಾಳೆ. ಅಜರ್ ಎರಡನೇ ಸುತ್ತಿಗೇ ಜೀವ ಪಣಕ್ಕಿಡುತ್ತಾನೆ, ಟಯರು ಸುಟ್ಟುಕೊಳ್ಳುತ್ತಾನೆ, ಕೊನೆಗೆ ಬಸವಳಿಯುತ್ತಾನೆ. ಎರಡು ವರ್ಷದಿಂದ ಪುಟ ಪುಟದಲ್ಲೂ ಇದೇ. “ಮನುಷ್ಯ ಒಂದ್ ದಿನದಲ್ಲಿ ಬದಲಾಗಲ್ಲ ಅಂತಲ್ಲ. ಆದ್ರೆ ಇಬ್ರೂ ಒಂದೇ ಮಧ್ಯಾಹ್ನ ಅದಲುಬದಲಾಗ್ತಾರಾ?”

ಆದರೂ ಬರೀ ಅನುಮಾನದ ಮೇಲೆ ಮಾತಾಡುವವರಲ್ಲ. ಶೆಡ್ಡಿನ ಮೆಟ್ಟಿಲ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದ ಹರ್ಷಿತಳ ಪಕ್ಕ ಹೋಗಿ ಕೂರುತ್ತಾರೆ.

“ನಿನ್ನೆ ಏನಾಯ್ತಮ್ಮ?”

“ಗೊತ್ತಿಲ್ಲ ಜಬೀನಕ್ಕ. ಚೆನ್ನಾಗೇ ಓಡಿಸ್ದೆ ಅಂದ್ಕೊಂಡಿದ್ದೆ. ಹಾಳೆ ನೋಡಿ ನಂಗೇ ನನ್ ಮೇಲೆ ನಂಬಿಕೆ ಹೋಗ್ಬಿಡ್ತು. ಏಳನೇ ಸುತ್ತಲ್ಲಿ ಆಚೆ ತಿರುವಲ್ಲೊಂದು ನಾಯಿ ಅಡ್ಡ ಬಂತು, ಬ್ರೇಕ್ ಹಿಡಿದೆ. ಅದೊಂದೇ.”

“ನಿಂಗೇ ಅಡ್ಡ ಬಂತಾ? ಅಜರ್‌ಗಲ್ವಾ?”

“ಅವನು ಅಷ್ಟೊತ್ತಿಗೆ ಮುಂದೆ ಹೋಗಿದ್ದ ಅಕ್ಕ.”

ನಾಯಿ ಬಂದಿದ್ದು ಇಪ್ಪತ್ತೇಳಕ್ಕೆ. ಹಾಳೆಯಲ್ಲಿ ನಿಧಾನವಾಗಿರುವುದು ಮೂವತ್ತೊಂದು. ನನ್ನಂಥ ದಡ್ಡನಿಗೂ ಅರ್ಥವಾಗುವ ಲೆಕ್ಕ. ಡೇರೆಯಲ್ಲಿ ಕೂತು ಪರದೆ ನೋಡುತ್ತಿದ್ದವರಿಗೆ ಯಾವುದೋ ನಾಯಿ ಬಂತೆಂದು ಕೇಳಿತ್ತು, ಒಂದು ಸುತ್ತು ಕೆಟ್ಟಿದ್ದು ಕಂಡಿತ್ತು, ಗೆರೆ ಎಳೆದರು. ಯಾರಿಗೆ ಬಂತೆಂದು ಯಾರೂ ಕೇಳಲಿಲ್ಲ.

ಪ್ರತಿ ಬೈಕಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಸಿಕ್ಕಿಸಿರುತ್ತಾರೆ. ಬೈಕು ಗೆರೆ ದಾಟಿದಾಗ ಇಂಥ ನಂಬರ್ ಬಂತೆಂದು ಪರದೆಗೆ ಹೇಳುವುದು ಅದೇ. ಹಿಂದಿನ ಮಧ್ಯಾಹ್ನ ಓಟಕ್ಕೆ ಮುಂಚೆ ಬೈಕು ತೊಳೆಯುವಾಗ ಎರಡೂ ಡಬ್ಬಿ ಬಿಚ್ಚಿದ್ದರು. ಮತ್ತೆ ಹಾಕುವಾಗ ಅದು ಇದಕ್ಕೆ, ಇದು ಅದಕ್ಕೆ ಆಗಿರಬೇಕು. ಇಷ್ಟು ಗೊತ್ತಾದ ಮೇಲೆ ಜಬೀನ್ ನೇರ ಪ್ರಮೋದಾ ಹತ್ತಿರ ಹೋಗುತ್ತಾರೆಂದು ನಾನು ಎದ್ದು ನಿಂತರೆ, ಅವರು ಅಲ್ಲೇ ಕೂತಿದ್ದಾರೆ. ಗಂಟೆ ಏಳಾಗಿದೆ.

ಡಬ್ಬಿ ಹಾಕುವ ಕೆಲಸ ಮೆಕ್ಯಾನಿಕ್ ಮೂರ್ತಿಯದು.

“ಮೂರ್ತಿ ಮೊದ್ಲು ರೈಡರ್ ಆಗಿದ್ದ ಸರ್,” ಎನ್ನುತ್ತಾರೆ. ದನಿ ಇಳಿದಿದೆ. “ಆರು ವರ್ಷದ ಹಿಂದೆ ಇದೇ ಥರ ಟೆಸ್ಟಿಂಗು. ಅವನ ಟೈಮ್ ನೋಡಿ ನಾನೇ ಹೇಳ್ದೆ, ಈ ಹುಡುಗ ಒಂದು ಸುತ್ತಲ್ಲಿ ಅರ್ಧ ಸೆಕೆಂಡ್ ನಿಧಾನ, ಆಗಲ್ಲ ಅಂತ. ತೆಗೆದ್ರು. ಮೂರು ವಾರ ಆದ್ಮೇಲೆ ಗೊತ್ತಾಯ್ತು, ಅವತ್ತು ಯಾರೋ ಅಭ್ಯಾಸದ ಮೇಲೆ ಅವನ ಟ್ಯಾಂಕ್ ಫುಲ್ ಮಾಡಿಟ್ಟಿದ್ರು. ಹತ್ತು ಸುತ್ತಿಗೆ ಮೂರು ಲೀಟರ್ ಸಾಕು. ಹನ್ನೆರಡು ಲೀಟರ್ ಹೊತ್ಕೊಂಡು ಓಡ್ಸಿದಾನೆ ಪಾಪ. ಹೊಸಬ, ಕೇಳೋಕೆ ಧೈರ್ಯ ಇಲ್ಲ. ಕೇಳ್ಬೇಕಾದೋಳು ನಾನು. ಕೇಳ್ಲಿಲ್ಲ.”

ಅವರ ನೋಟ್‌ಬುಕ್ಕಿನಲ್ಲಿ ‘ಪೆಟ್ರೋಲ್’ ಎಂಬ ಕಾಲಮ್ ಶುರುವಾಗಿದ್ದು ಅವತ್ತಿನ ನಂತರ. ಆ ಸೀಸನ್ ಮುಗಿಯುವ ಹೊತ್ತಿಗೆ ಮೂರ್ತಿ ಹೆಲ್ಮೆಟ್ ಬದಿಗಿಟ್ಟು ಪಾನಾ ಹಿಡಿದಿದ್ದರು.

“ಅವನ ಸೀಟು ನಾನೇ ಕಳ್ದೆ. ಈಗ ಬಾಯ್ಬಿಟ್ರೆ ಕೆಲಸಾನೂ ಕಳ್ದಂಗೆ. ಸುಮ್ನಿದ್ರೆ ಈ ಹುಡುಗಿ ಸೀಟು ಹೋಗತ್ತೆ. ನೀವೇ ಹೇಳಿ ಸರ್.”

ಪ್ರಶ್ನೆ ಕೇಳುವುದು ನನ್ನ ಕಸುಬು, ಉತ್ತರ ಕೊಡುವುದಲ್ಲ.

ಕೊನೆಗೆ ಅವರು ಹೋಗಿದ್ದು ಡೇರೆಗಲ್ಲ, ಶೆಡ್ಡಿಗೆ. ಮೂರ್ತಿ ಚೈನಿಗೆ ಎಣ್ಣೆ ಬಿಡುತ್ತಿದ್ದರು.

“ಏನಪ್ಪಾ ಮೂರ್ತಿ, ನಿನ್ನೆ ಡಬ್ಬಿ ಹಾಕುವಾಗ ಗುರುತು ನೋಡಿದ್ಯಾ?”

ಮೂರ್ತಿಯ ಕೈ ಅಲ್ಲೇ ನಿಲ್ಲುತ್ತದೆ. “ಟೇಪು ಕಿತ್ಕೊಂಡ್ ಹೋಗಿತ್ತಕ್ಕ ನೀರಿಗೆ. ಎಡಗಡೆ ಇದ್ದಿದ್ದು ಇಪ್ಪತ್ತೇಳು ಅಂತ ಅಂದಾಜಲ್ಲಿ...”

ಮಾತು ಮುಗಿಸುವುದಿಲ್ಲ. ಎರಡೂ ಡಬ್ಬಿ ಬಿಚ್ಚಿ, ತಳದಲ್ಲಿ ಸಣ್ಣಕ್ಷರದಲ್ಲಿ ಕೊರೆದ ಸಂಖ್ಯೆಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. ಅದಲುಬದಲಾಗಿದೆ. “ನಾನ್ ಹೇಳ್ಲಾ, ನೀನೇ ಹೇಳ್ತೀಯಾ?” ಎಂದು ಜಬೀನ್ ಕೇಳುವ ಮೊದಲೇ ಎದ್ದು, ಎಣ್ಣೆಗೈಯಲ್ಲೇ ಡೇರೆಯತ್ತ ಹೊರಟಿರುತ್ತಾರೆ.

“ನಂದೇ ತಪ್ಪು ಮೇಡಂ. ಡಬ್ಬಿ ಅದಲುಬದಲು ಹಾಕ್ಬಿಟ್ಟೆ. ನಿನ್ನೆ ಸರಿಯಾಗಿ ಓಡ್ಸಿದ್ದು ಹರ್ಷಿತ.”

ಪ್ರಮೋದಾ ಕಂಬದಿಂದ ಹಾಳೆ ಕಿತ್ತು, ತಾವೇ ಎಳೆದ ಪೆನ್ಸಿಲ್ ಗೆರೆಯ ಮೇಲೆ ಬೆರಳಿಡುತ್ತಾರೆ. “ಈ ಸುತ್ತು ಯಾಕೆ ಕೆಡ್ತು ಅಂತ ನಾನೂ ಕೇಳ್ಬೇಕಿತ್ತು ಮೂರ್ತಿ. ಕೇಳದೇ ಗೆರೆ ಎಳೆದೆ. ಡಬ್ಬಿ ಸರಿ ಹಾಕಿ, ಇನ್ನೊಂದು ಸಲ ಓಡ್ಸೋಣ. ಟೈಮ್ ಗೋಡೆ ಹತ್ರ ಜಬೀನಕ್ಕ ಹಿಡೀಲಿ.” ಬೈಗುಳ ಅಷ್ಟಕ್ಕೇ ಮುಗಿಯುತ್ತದೆ. ಹೋದ ಜೀವ ಬಂದಂತಾಯಿತೆಂದು ಬರೆಯುವುದು ಸವಕಲು ಮಾತು, ಆದರೆ ಮೂರ್ತಿಯವರ ಮುಖ ನೋಡಿದ ನನಗೆ ಬೇರೆ ಮಾತು ಸಿಗುತ್ತಿಲ್ಲ.

ಎಂಟಕ್ಕೆ ಇಬ್ಬರೂ ಹತ್ತು ಸುತ್ತು ಓಡುತ್ತಾರೆ. ಜಬೀನ್ ಕಣ್ಣು ಮಿಟುಕಿಸದೆ ಒತ್ತುತ್ತಾರೆ, ಬರೆಯುತ್ತಾರೆ. ಎದುರು ಗಾಳಿಗೆ ಅವರು ಹೇಳಿದ ಎರಡು ಪಾಯಿಂಟ್ ಹೆಚ್ಚಾಗಿದೆ, ಅದನ್ನು ಬಿಟ್ಟರೆ ಹರ್ಷಿತಳದು ನಾಲ್ಕನೇ ಸುತ್ತಿನಿಂದ ಒಂದೇ ಸಮ. ಅಜರ್ ಎರಡನೇ ಸುತ್ತಿನಲ್ಲಿ ಸಿಡಿಲು, ಒಂಬತ್ತರಲ್ಲಿ ಸುಸ್ತು. ಹೆಲ್ಮೆಟ್ ತೆಗೆದು ಅವನೇ ಮೊದಲು ನಗುತ್ತಾನೆ. “ನಿನ್ನೆ ಹಾಳೆ ನೋಡಿ ನಂಗೂ ಡೌಟ್ ಬಂದಿತ್ತು ಆಪಾ, ನಾನ್ಯಾವಾಗ ಇಷ್ಟು ಮರ್ಯಾದಸ್ತ ಆದೆ ಅಂತ.” ನಗುವಿನ ಹಿಂದೆ ಬೇಜಾರಿಲ್ಲವೆಂದಲ್ಲ. ಜಬೀನ್ ಅವನ ಬೆನ್ನು ತಟ್ಟಿ, ಟಯರು ಉಳಿಸುವುದು ಹೇಗೆಂದು ಮಧ್ಯಾಹ್ನ ಪುಟ ಇಟ್ಟುಕೊಂಡು ತೋರಿಸುತ್ತೇನೆನ್ನುತ್ತಾರೆ.

ಒಂಬತ್ತೂ ಐವತ್ತಕ್ಕೆ ಹರ್ಷಿತಳ ಹೆಸರು ಹೋಗುತ್ತದೆ. ಹುಡುಗಿ ಓಡಿ ಬಂದು ಜಬೀನ್ ಅವರನ್ನು ತಬ್ಬಿಕೊಂಡ ರಭಸಕ್ಕೆ ಕ್ರಿಕೆಟ್ ಟೋಪಿ ಮಣ್ಣು ಮುಕ್ಕುತ್ತದೆ.

“ಆರು ವರ್ಷದಿಂದ ಎದೆ ಮೇಲೆ ಏನೋ ಕೂತಿತ್ತು ಸರ್,” ಎಂದು ಟೋಪಿ ಕೊಡವುತ್ತಾ ಹೇಳುತ್ತಾರೆ ಜಬೀನ್. “ಇವತ್ತು ಅರ್ಧ ಎದ್ದು ಹೋಯ್ತು.”

ಇನ್ನರ್ಧ? ನಿಮಗೇನಾದರೂ ಆಸೆ ಇದೆಯೇ ಎಂದು ಇಂಥ ಲೇಖನಗಳಲ್ಲಿ ಕೊನೆಗೆ ಕೇಳುವ ಪ್ರಶ್ನೆಯನ್ನು ಕೇಳುತ್ತೇನೆ. ಗೋಡೆಯ ಹತ್ತಿರ ನೆರಳಿಗೊಂದು ಶೀಟ್ ಹಾಕಿಸಿಕೊಡಿ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ನೇರ ಪ್ರಮೋದಾ ಹತ್ತಿರ ಹೋಗಿ ಏನೋ ಹೇಳುತ್ತಾರೆ, ಆಮೇಲೆ ಶೆಡ್ಡಿನ ಕಡೆ ತಿರುಗಿ ಕೂಗುತ್ತಾರೆ. “ಮೂರ್ತೀ, ಹೆಲ್ಮೆಟ್ ಹಾಕ್ಕೊಳೋ!”

ಊಟದ ಹೊತ್ತು, ಟ್ರ್ಯಾಕ್ ಖಾಲಿ. ಜಬೀನ್ ತಾವೇ ಅಳೆದು ಟ್ಯಾಂಕಿಗೆ ಮೂರು ಲೀಟರ್ ಹಾಕಿಸುತ್ತಾರೆ, ಒಂದು ಹನಿ ಹೆಚ್ಚಿಲ್ಲ. ಆರು ವರ್ಷದ ಮೇಲೆ ಮೂರ್ತಿ ಹತ್ತು ಸುತ್ತು ಓಡಿಸುತ್ತಾರೆ. ಮೊದಲೆರಡು ಸುತ್ತು ತಿರುವಿನಲ್ಲಿ ಹೆದರಿ ಹೆದರಿ, ಆಮೇಲೆ ಮರೆತೇ ಹೋಗಿದ್ದ ಮಾತು ನಾಲಿಗೆಗೆ ಬಂದ ಹಾಗೆ. ಊಟ ಬಿಟ್ಟು ಎಲ್ಲರೂ ಗೋಡೆಗೆ ಬಂದು ನಿಂತಿದ್ದಾರೆ. ಮೂರ್ತಿ ಇಳಿದು ಬಂದವರೇ ಏದುಸಿರು ಬಿಡುತ್ತಾ ನೋಟ್‌ಬುಕ್ಕಿಗೆ ಕೈ ಚಾಚುತ್ತಾರೆ. ಅವತ್ತು ತುಂಬಿದ ಟ್ಯಾಂಕಿನಲ್ಲಿ ಓಡಿಸಿದ್ದಕ್ಕಿಂತ ಸುತ್ತೊಂದರಲ್ಲಿ ಬರೀ ಒಂದು ಪಾಯಿಂಟ್ ಕಡಿಮೆ.

“ಅಷ್ಟೇನಾ ಅಕ್ಕ? ವಯಸ್ಸಾಯ್ತು. ಹೊಟ್ಟೆ ಬೇರೆ ಬಂದಿದೆ, ಅವತ್ತಿಗಿಂತ ಒಂಬತ್ ಕೆಜಿ ಜಾಸ್ತಿ ಇದೀನಿ.”

“ಪಕ್ಕದ ಕಾಲಮ್ ನೋಡೋ,” ಎನ್ನುತ್ತಾರೆ ಜಬೀನ್. “ಅವತ್ತು ಟ್ಯಾಂಕಲ್ಲಿದ್ದ ಭಾರ ಇವತ್ತು ನಿನ್ ಹೊಟ್ಟೇಲಿದೆ, ಅದನ್ನೂ ಬರ್ದಿದೀನಿ.”