ಮೂರನೆಯ ಸಲ ಯಾರೂ ಕೇಳಲಿಲ್ಲ

ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಎರವಲು ವಸ್ತುವಾದೆ.

ಲಂಡನ್ನಿನ ಹ್ಯಾರೋದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ವಿಮಾನದ ಟಿಕೆಟ್ ಮಾಡಿಕೊಡುತ್ತಿದ್ದ ಕಚೇರಿ ಮುಚ್ಚಿತು. ಜನ ತಮ್ಮ ಟಿಕೆಟನ್ನು ತಾವೇ ಫೋನಿನಲ್ಲಿ ಮಾಡಿಕೊಳ್ಳಲು ಕಲಿತ ಮೇಲೆ ನನ್ನ ಅವಶ್ಯಕತೆ ಭೂಮಂಡಲಕ್ಕೆ ಉಳಿದಿರಲಿಲ್ಲ. ಆಮೇಲೆ ಒಂದೂವರೆ ವರ್ಷ ಸರಕಾರದ ನಿರುದ್ಯೋಗ ಭತ್ಯೆ, ಹದಿನೈದು ದಿನಕ್ಕೊಮ್ಮೆ ಜಾಬ್ ಸೆಂಟರಿನ ದರ್ಶನ. ಅಲ್ಲಿ ನನ್ನ ಪಾಲಿಗೆ ಬಂದ ವರ್ಕ್ ಕೋಚ್ ಎಂಬ ಅಧಿಕಾರಿ ನನ್ನ ಮಗಳ ಓರಗೆಯವಳು. ನಾನು ಅರ್ಜಿ ಹಾಕಿದ ಕೆಲಸಗಳ ಯಾದಿಯನ್ನು ಮಗ್ಗಿಯಂತೆ ಒಪ್ಪಿಸುವುದು, ಅವಳು ನಿಟ್ಟುಸಿರನ್ನು ನಗುವಾಗಿ ಪರಿವರ್ತಿಸುವುದು, ಹೀಗೆ ನಡೆದಿತ್ತು. ಕೊನೆಗೆ ಅವಳೇ ಕೌನ್ಸಿಲ್‌ನ ಯೋಜನೆಯೊಂದನ್ನು ಹುಡುಕಿ ತೆಗೆದಳು. ಆರು ತಿಂಗಳ ಕೆಲಸ. ಸಂಬಳ ಸರಕಾರದ್ದು, ದುಡಿಸಿಕೊಳ್ಳುವವರು ಬೇರೆ. ಅಷ್ಟರೊಳಗೆ ನಾನು ಅವರಿಗೆ ಹಿಡಿಸಿದರೆ ಖಾಯಂ. ಹಿಡಿಸದಿದ್ದರೆ ಯಾರಿಗೂ ನಷ್ಟವಿಲ್ಲ, ನನ್ನೊಬ್ಬನನ್ನು ಬಿಟ್ಟು.

ನನ್ನನ್ನು ಕಳಿಸಿದ್ದು ಒಂದು ಗೋದಾಮಿಗೆ. ಆಸ್ಪತ್ರೆಯಿಂದ ಮನೆಗೆ ಮರಳುವವರಿಗೆ ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ ಇತ್ಯಾದಿ ಎರವಲು ಕೊಡುವ ಜಾಗ. ವಾಪಸು ಬಂದದ್ದನ್ನು ತೊಳೆದು, ಬ್ರೇಕು ನೋಡಿ, ಚೀಟಿ ಕಟ್ಟಿ ಮತ್ತೆ ಕಪಾಟಿಗೆ ಏರಿಸುವುದು ನನ್ನ ಕೆಲಸ. ಶನಿವಾರ ಕನ್ನಡದವರು ಕೂಡಿದಲ್ಲಿ ಮೈಸೂರಿನ ಡಾಕ್ಟರೊಬ್ಬರು, "ಈಗ ಎಲ್ಲಿದ್ದೀರಿ ಸಾರ್?" ಎಂದು ಕೇಳಿದಾಗ, "ಆಸ್ಪತ್ರೆ ಕಡೆ. ಮೊಬಿಲಿಟಿ," ಎಂದೆ. ಅವರು ಗೌರವದಿಂದ ತಲೆದೂಗಿದರು. ಸುಳ್ಳೇನೂ ಹೇಳಿರಲಿಲ್ಲ.

ಕೆಲಸ ನನಗೆ ಒಗ್ಗಿತು. ಗಾಲಿಕುರ್ಚಿಯ ಬ್ರೇಕು ಸಡಿಲವಿದ್ದರೆ ಉರುಳುವ ಸದ್ದಿನಿಂದಲೇ ಹೇಳುವಷ್ಟು ಪಾಂಡಿತ್ಯ ಬಂತು. ಒಂದೇ ಒಂದು ಕೊರತೆ. ಮಧ್ಯಾಹ್ನ ಮೂರಕ್ಕೆ ಎಲ್ಲರಿಗೂ ಚಹಾ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಮೊದಲ ವಾರ ಒಂದೆರಡು ದಿನ ಕೇಳಿದ್ದರು, ಆಮೇಲೆ ಕೇಳುವುದನ್ನೇ ಬಿಟ್ಟರು. ದೊಡ್ಡ ಊರಿನ ಸಣ್ಣ ಮನಸ್ಸು ಎಂದುಕೊಂಡು ಸುಮ್ಮನಿದ್ದೆ.

ಆರನೆಯ ತಿಂಗಳಲ್ಲಿ ನಿದ್ದೆ ಹೋಯಿತು. ಖಾಯಂ ಮಾಡಿಕೊಳ್ಳುವ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಈ ಕೆಲಸ ತಪ್ಪಿದರೆ ಮತ್ತೆ ಜಾಬ್ ಸೆಂಟರಿನ ಹಸಿರು ಕುರ್ಚಿ. ಈ ವಯಸ್ಸಿನಲ್ಲಿ ಅಲ್ಲಿಗೆ ಎರಡನೆಯ ಸಲ ಹೋದವನು ಅಲ್ಲಿಂದ ನೇರ ಪಿಂಚಣಿಗೇ ಹೋಗುತ್ತಾನೆ ಎಂಬುದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ.

ಅವಧಿ ಮುಗಿಯಲು ಇನ್ನೊಂದೇ ವಾರವಿದ್ದ ಶುಕ್ರವಾರ ಗೋದಾಮಿನ ಮ್ಯಾನೇಜರ್ ಬಾಯಿಯವರು (ಮೇಡಮ್ಮಿಗೆ ನಮ್ಮ ಕಡೆ ಬಾಯಿಯವರು ಎನ್ನುತ್ತಾರೆ) ಒಂದು ಫಾರ್ಮು ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಲಂಡನ್ನಿನಲ್ಲೇ ಹುಟ್ಟಿ ಬೆಳೆದವರು, ನೇರ ಮಾತಿನವರು. ಅವರ ಇಂಗ್ಲಿಷಿಗೆ ಇಲ್ಲಿ ನಾನೇ ಕನ್ನಡದ ಅಂಗಿ ತೊಡಿಸಿದ್ದೇನೆ.

"ಇಲ್ಲಿ ಒಂದು ಖಾಯಂ ಹುದ್ದೆ ಇದೆ. ಮೇಲಿನ ಆಫೀಸಿಗೆ ಸೋಮವಾರ ಹನ್ನೆರಡರೊಳಗೆ ಹೆಸರು ಹೋಗಬೇಕು. ನಿಮ್ಮ ಹೆಸರು ಹಾಕಲಾ?"

ಎದೆ ಒಮ್ಮೆಲೇ ಹಿಗ್ಗಿತು. ಆದರೆ ಬಾಯಿ ಎದೆಯನ್ನು ಕೇಳಿ ಮಾತಾಡುವುದಿಲ್ಲ. ಅದು ಧಾರವಾಡದ ಬಾಯಿ. "ಅಯ್ಯೋ, ಬೇಡ ಬೇಡ, ನನಗಾಗಿ ತೊಂದರೆ ತಗೋಬೇಡಿ," ಎಂದಿತು.

ಅವರು ಪೆನ್ನು ತಡೆದು, "ಖಂಡಿತಾನಾ?" ಎಂದರು.

"ಪರವಾಗಿಲ್ಲ. ಬೇರೆ ಯಾರಾದರೂ ಇರಬಹುದು."

"ಸರಿ. ನಿಮ್ಮ ನಿರ್ಧಾರವನ್ನ ಗೌರವಿಸ್ತೀನಿ," ಎಂದು ಫಾರ್ಮಿನ ಮೇಲೆ ಏನೋ ಗೀಚಿ ಹೊರಟುಹೋದರು.

ನಮ್ಮ ಕಡೆಯ ಪದ್ಧತಿ ಹೇಳಿಬಿಡುತ್ತೇನೆ. ಯಾರಾದರೂ ಏನಾದರೂ ಕೊಡಲು ಬಂದರೆ ಮೊದಲ ಸಲ ಬೇಡ ಎನ್ನುವುದು ನಮಸ್ಕಾರ ಇದ್ದ ಹಾಗೆ. ಎರಡನೆಯ ಸಲದ ಬೇಡ ಮರ್ಯಾದೆಯದು. ಮೂರನೆಯ ಸಲ ಅವರು ಉಪಚಾರ ಮಾಡಿ ತಾಟಿಗೆ ಬಡಿಸಿಯೇ ಬಿಡುತ್ತಾರೆ, ನಾವು "ಅಯ್ಯ, ಇಷ್ಟ್ಯಾಕ ಹಾಕಿದ್ರಿ" ಎನ್ನುತ್ತ ಪೂರ್ತಿ ತಿನ್ನುತ್ತೇವೆ. ಹಾಗಾಗಿ ನಾನು ಮೂರನೆಯ ಸಲಕ್ಕೆ ಕಾದೆ. ಸರಿಯಾಗಿಯೇ ಇದ್ದ ಬ್ರೇಕೊಂದನ್ನು ಬಿಚ್ಚಿ ಜೋಡಿಸಿದೆ, ಮತ್ತೆ ಬಿಚ್ಚಿದೆ. ಐದು ಗಂಟೆಗೆ ಅವರು ಕೋಟು ಹಾಕಿಕೊಂಡು, "ವೀಕೆಂಡ್ ಚೆನ್ನಾಗಿರಲಿ," ಎಂದು ನಡೆದರು. ಆಗಲೂ ನನಗೆ ಗಾಬರಿಯಾಗಲಿಲ್ಲ. ಸೋಮವಾರ ಕೇಳುತ್ತಾರೆ ಎಂದು ಬಸ್ಸಿನಲ್ಲಿ ಒಬ್ಬನೇ ಮುಗುಳ್ನಗುತ್ತ ಬಂದೆ.

ಮನೆಯಲ್ಲಿ ನಡೆದದ್ದನ್ನು ಹೇಳಿದಾಗ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಎರಡು ಸಲ ಬ್ಯಾಡ ಅಂದ್ರಿ. ಆಮ್ಯಾಲೆ?"

"ಆಮ್ಯಾಲೆ ಅಕಿ ಹ್ವಾದ್ಲು."

"ಮೂರನೇ ಸಲ ಕೇಳಲಿಲ್ಲೇನು?"

"ಇನ್ನೂ ಇಲ್ಲ."

"ಅಲ್ರೀ, ಅಕಿ ಏನು ಧಾರವಾಡದಾಕಿ ಏನು? ನೀವು ಒಲ್ಲೆ ಅಂದ್ರಿ ಅಂತ ಬರಕೊಂಡಿರ್ತಾಳ!"

ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಜನರನ್ನು ಸರಿಯಾದ ವಿಮಾನ ಹತ್ತಿಸಿದವನು ನಾನು. ನನ್ನದೇ ವಿಮಾನ ಕಣ್ಣೆದುರಿಗೇ ಹಾರಿಹೋಗಿದ್ದು ಆ ಕ್ಷಣದವರೆಗೆ ತಿಳಿದಿರಲಿಲ್ಲ. ಬಾಯಿಯವರ ಸ್ವಂತ ಫೋನ್ ನಂಬರು ನನ್ನಲ್ಲಿರಲಿಲ್ಲ. ಗೋದಾಮಿನ ನಂಬರಿಗೆ ಮಾಡಿದೆ. ಸೋಮವಾರ ಎಂಟಕ್ಕೆ ತೆರೆಯುತ್ತೇವೆ ಎಂದು ಯಂತ್ರವೊಂದು ಅತ್ಯಂತ ವಿನಯದಿಂದ ತಿಳಿಸಿತು. ಶನಿವಾರ ಅದೇ ಯಂತ್ರವನ್ನು ಇನ್ನೂ ಎರಡು ಸಲ ಮಾತಾಡಿಸಿದೆ. ಅದೂ ಮನಸ್ಸು ಬದಲಿಸಲಿಲ್ಲ.

ಭಾನುವಾರ ಮಗಳು ನನ್ನನ್ನು ಸೋಫಾದ ಮೇಲೆ ಕೂರಿಸಿ ತಾಲೀಮು ಶುರುಮಾಡಿದಳು. ಅವಳಿಗೆ ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ.

"ಅಪ್ಪಾ, ಜಸ್ಟ್ ಸೇ, ಐ ವಾಂಟ್ ದಿ ಜಾಬ್."

"ಐ ವುಡ್ ಬಿ ಮೋಸ್ಟ್ ಗ್ರೇಟ್‌ಫುಲ್, ಇಫ್ ಇಟ್ ಈಸ್ ನಾಟ್ ಎನಿ ಟ್ರಬಲ್..."

"ನೋ! ವಾಂಟ್. ಸೇ ವಾಂಟ್."

ಆ ಮಾತೆಂದರೆ ಹೊಟ್ಟೆಬಾಕನೊಬ್ಬ ಪಂಕ್ತಿಯಲ್ಲಿ ಎದ್ದು ನಿಂತು ತುಪ್ಪ ಕೇಳಿದಂತೆ ಅನಿಸುತ್ತಿತ್ತು. ಅಡುಗೆಮನೆಯಿಂದ ಹೆಂಡತಿ, "ಬೇಕು ಅನ್ರಿ, ಬೇಕು! ಲಗ್ನದಾಗ ನನ್ನೂ ಬ್ಯಾಡ ಅಂದಿದ್ರೇನು?" ಎಂದಳು.

"ಆವಾಗ ನನ್ನ ಯಾರೂ ಕೇಳಿದ್ದೇ ಇಲ್ಲ."

ಮಗಳು ಇನ್ನೊಮ್ಮೆ ಹೇಳಿಸಿದಳು.

ಸೋಮವಾರ ಬಾಗಿಲು ತೆರೆಯುವ ಮೊದಲೇ ಗೋದಾಮಿನ ಮುಂದೆ ನಿಂತಿದ್ದೆ. ಎಂಟಾಯಿತು, ಬಾಯಿಯವರಿಲ್ಲ. ವ್ಯಾನಿನ ಡ್ರೈವರು, "ಆಸ್ಪತ್ರೆಯಲ್ಲಿ ಮೀಟಿಂಗು. ಹನ್ನೊಂದರ ಮೇಲೆ ಬರ್ತಾರೆ," ಎಂದ. ಅವರ ಮೊಬೈಲಿಗೆ ಮಾಡಿಸಿದೆ. ಎತ್ತಲಿಲ್ಲ. ಒಂದೇ ಗಾಲಿಕುರ್ಚಿಯನ್ನು ಮೂರು ಸಲ ತೊಳೆದೆ. ಹನ್ನೊಂದು. ಹನ್ನೊಂದೂ ಕಾಲು. ಗೋಡೆಯ ಗಡಿಯಾರ ಎರಡು ನಿಮಿಷ ಮುಂದಿದೆ ಎಂಬುದು ನನಗೆ ತಿಳಿದಿದ್ದ ಏಕೈಕ ಶುಭಸಮಾಚಾರ. ಹನ್ನೊಂದೂ ಮುಕ್ಕಾಲಿಗೆ ಅವರ ಕಾರು ಬಂತು. ಕೋಟು ತೆಗೆಯುವುದಕ್ಕೂ ಬಿಡದೆ ಎದುರಿಗೆ ಹೋಗಿ ನಿಂತೆ.

"ಬೇಕು," ಎಂದೆ. ಕನ್ನಡದಲ್ಲಿ. ಆಮೇಲೆ ತಿದ್ದಿಕೊಂಡು ಇಂಗ್ಲಿಷಿನಲ್ಲಿ.

"ಏನು ಬೇಕು?"

"ಆ ಖಾಯಂ ಕೆಲಸ."

"ನೀವು ಬೇಡ ಅಂದ್ರಲ್ಲ. ಎರಡು ಸಲ ಕೇಳಿದೆ. ಯಾರೂ ಇಲ್ಲ ಅಂತ ಶುಕ್ರವಾರವೇ ಕಳಿಸಿಬಿಟ್ಟೆ."

ನಿಂತಲ್ಲೇ ನಮ್ಮ ನಾಡಿನ ಉಪಚಾರ ಶಾಸ್ತ್ರವನ್ನು ಎರಡು ನಿಮಿಷದಲ್ಲಿ ನಿರೂಪಿಸಿದೆ. ಮೊದಲನೆಯದು, ಎರಡನೆಯದು, ಮೂರನೆಯದು. ಅವರು ಬಾಯಿ ತೆರೆದು ಕೇಳುತ್ತಿದ್ದರು.

"ಒಂದು ನಿಮಿಷ," ಎಂದರು. "ಹಾಗಾದರೆ ಆವಾಗ ಚಹಾ ಬೇಡ ಅಂದಿದ್ದು?"

"ಬೇಕಿತ್ತು."

"ಆರು ತಿಂಗಳಿಂದ?"

"ಪ್ರತಿ ದಿನ."

ಅವರು ಗಡಿಯಾರ ನೋಡಿ ಫೋನೆತ್ತಿದರು. ಮೇಲಿನ ಆಫೀಸಿನವರ ಜೊತೆ ಏನೇನೋ ಮಾತಾಯಿತು. "ಇಲ್ಲ, ತಪ್ಪು ನನ್ನದೇ," ಎಂದದ್ದು ಕೇಳಿಸಿತು. ಆಮೇಲೆ ಫೋನನ್ನು ನನ್ನತ್ತ ಚಾಚಿದರು. "ನೀವೇ ಹೇಳಬೇಕಂತೆ."

ಹನ್ನೆರಡಕ್ಕೆ ನಾಲ್ಕು ನಿಮಿಷ. ಆ ಕಡೆಯ ದನಿ ಕೇಳಿತು, "ಈ ಹುದ್ದೆಗೆ ನಿಮ್ಮ ಹೆಸರು ಹಾಕಬೇಕಾ?"

ಬಾಯಿ ತನ್ನ ಚಾಳಿಗೆ ಸಿದ್ಧವಾಗುತ್ತಿತ್ತು. ತುಟಿ "ನೋ"ಗೆ ಗುಂಡಗಾದದ್ದು ನನಗೇ ತಿಳಿಯಿತು. ಎಡಗೈಯಿಂದ ಗಾಲಿಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದೆ.

"ಯೆಸ್."

"ಖಂಡಿತಾನಾ?"

"ಯೆಸ್. ಐ ವಾಂಟ್ ಇಟ್."

"ಸರಿ. ತೀರ್ಮಾನ ಗುರುವಾರ ತಿಳಿಸ್ತೀವಿ."

ಮಂಗಳವಾರ, ಬುಧವಾರ ಹೇಗೆ ಕಳೆದವೆಂದು ಹೇಳಲಾರೆ, ಏಕೆಂದರೆ ಅವು ಕಳೆಯಲೇ ಇಲ್ಲ. ಹೆಂಡತಿ ತುಪ್ಪದ ದೀಪ ಹಚ್ಚಿದಳು. ನಾನು ದೇವರನ್ನೂ ಒಂದೇ ಸಲ, ನೇರವಾಗಿ ಕೇಳಿದೆ.

ಗುರುವಾರ ಮಧ್ಯಾಹ್ನ ಬಾಯಿಯವರ ಕೋಣೆಯಲ್ಲಿ ಫೋನ್ ರಿಂಗಾಯಿತು. ಗಾಜಿನಾಚೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಬೆನ್ನಿನಿಂದ ಏನನ್ನೂ ಓದಲಾಗಲಿಲ್ಲ. ಫೋನಿಟ್ಟು ಎದ್ದರು, ಆದರೆ ನನ್ನ ಕಡೆ ಬರಲಿಲ್ಲ, ಚಹಾದ ಮೂಲೆಗೆ ಹೋದರು. ಕೆಟ್ಟ ಸುದ್ದಿ ಹೇಳುವ ಮೊದಲು ಇಲ್ಲಿಯವರು ಕೆಟಲ್ ಹಚ್ಚುತ್ತಾರೆ ಎಂಬುದನ್ನು ಬಲ್ಲೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

ಅವರು ಬಂದು ಒಂದು ದೊಡ್ಡ ಕಪ್ಪನ್ನು ನನ್ನ ಮೇಜಿನ ಮೇಲೆ ಇಟ್ಟರು. ಬೇಕೇ ಎಂದು ಕೇಳಲೇ ಇಲ್ಲ.

"ಖಾಯಂ ಆದವರನ್ನ ನಾವು ಕೇಳೋದಿಲ್ಲ," ಎಂದರು. "ಸೋಮವಾರ ಎಂಟಕ್ಕೆ ಬನ್ನಿ."

ಆರು ತಿಂಗಳು ಆ ಚಹಾಕ್ಕಾಗಿ ಹಂಬಲಿಸಿದ್ದೆ. ಸಕ್ಕರೆಯಿಲ್ಲ, ಶುಂಠಿಯಿಲ್ಲ, ಹಾಲು ನೆಪಕ್ಕೆ. ಪಾತ್ರೆ ತೊಳೆದ ನೀರಿಗೆ ಬಣ್ಣ ಬಂದಂತಿತ್ತು. ಅವರು ನೋಡುತ್ತ ನಿಂತಿದ್ದರು. ಪೂರ್ತಿ ಕುಡಿದೆ.