ಅಕ್ಕನ ಸೋಪಿನ ಗೂಡು

ಉಗುಳುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಊಟಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಮೊದಲ ಪಾಠವೇ "ಲೇಡೀಸ್ ಡೋಂಟ್ ಸ್ಪಿಟ್". ಎಪ್ಪತ್ತು ದಾಟಿದ ಮೇಲೂ ಅದನ್ನು ಪಾಲಿಸಿಕೊಂಡು ಬಂದವಳು ನಾನು. ಈಗ ನೋಡಿದರೆ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಗೆರೆಯವರೆಗೆ ಎಂಜಲು ತುಂಬಿಸಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ಕಾಫಿಯೂ ಇಲ್ಲ. ನನ್ನ ಬಾಯಿ ಒಣಗಿ ಹಪ್ಪಳವಾಗಿತ್ತು. ಕೊನೆಗೆ ಅಕ್ಕನ ಮಗಳು ನನ್ನ ಮೂಗಿನ ಮುಂದೆ ನಿಂಬೆಹಣ್ಣು ಕೊಯ್ದು ಹಿಡಿದ ಮೇಲೆ ಡಿಎನ್‌ಎ ಟೆಸ್ಟಿಗೆ ಬೇಕಾದಷ್ಟು ಹನಿಯಿತು.

ಇದೆಲ್ಲ ನಡೆದದ್ದು ಊಟಿಯಿಂದ ಗೂಡಲೂರಿಗೆ ಹೋಗುವ ದಾರಿಯ ನಡುವಟ್ಟಂನಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕ ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಸೋಪು ಜೋಡಿಸುತ್ತಾ, ತಿರುಗಿಯೂ ನೋಡದೆ, "ಆ ದೊರೆ ಇದ್ದಾಗ ಮುಖಕ್ಕೆ ಉಗಿಯೋರು ಯಾರೂ ಇರ್ಲಿಲ್ಲ. ಈಗ ಇವ್ಳು ಉಗುದು ಉಗುದು ಅವನ್ನ ಹುಡುಕ್ತಾಳಂತೆ!" ಎಂದಳು.

ಆ ದೊರೆ ಎಂದರೆ ನಮ್ಮ ಅಜ್ಜಿಯ ಅಪ್ಪ. ನಮ್ಮ ತಾಯಿಯ ತಾಯಿಗೆ ಬೆಕ್ಕಿನ ಕಣ್ಣು. ಆಕೆಯ ತಾಯಿ ಟೀ ಎಲೆ ಕೀಳುತ್ತಿದ್ದವಳು, ಹೆರಿಗೆಯಲ್ಲೇ ತೀರಿಕೊಂಡಳು. ಅಪ್ಪ ಎಸ್ಟೇಟಿನ ಬಿಳಿ ದೊರೆ, ಹಸುಗೂಸನ್ನು ಬಿಟ್ಟು ಹಡಗು ಹತ್ತಿ ಹೋದ, ಕೂಲಿಯವರ ಲೈನ್ ಮನೆಗಳ ಹೆಂಗಸರು ಮಗುವನ್ನು ಸಾಕಿದರು. ನಮ್ಮೂರಲ್ಲಿ ಎಲ್ಲರೂ ಹೇಳುತ್ತಿದ್ದ ಕಥೆ ಇಷ್ಟೇ. ಮುಂದೆ ಅಜ್ಜಿಯನ್ನು ಮದುವೆಯಾದದ್ದು ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಹಾಗೆ ನಮ್ಮದು ಕನ್ನಡದ ಮನೆಯಾಯಿತು. ಅಜ್ಜಿ ಮಾತ್ರ ತನ್ನ ಅಪ್ಪನ ವಿಷಯ ಬಂದರೆ ಒಲೆ ಊದುತ್ತಾ ಕೂರುವಳು.

ಅಜ್ಜಿಯ ಕಣ್ಣು ನಮ್ಮಿಬ್ಬರಿಗೂ ಬಂದಿತ್ತು. ಬೋರ್ಡಿಂಗಿನಲ್ಲಿದ್ದ ನನಗೆ ಆ ಕಣ್ಣಿನ ದೆಸೆಯಿಂದ ಪ್ರತಿ ಕ್ರಿಸ್‌ಮಸ್ ನಾಟಕದಲ್ಲೂ ಏಂಜಲ್ ಪಾತ್ರ. ಅಜ್ಜಿಯ ಜೊತೆ ಊರಲ್ಲೇ ಉಳಿದ ಅಕ್ಕನಿಗೆ ಅದೇ ಕಣ್ಣಿಗೆ ನಲ್ಲಿಯ ಹತ್ತಿರ ಸಿಗುತ್ತಿದ್ದದ್ದು, "ಬುಟ್ಟೋದವನ ಮರಿ ಬಂತು" ಎನ್ನುವ ಮಾತು. ಆದ್ದರಿಂದ ಟ್ಯೂಬು ಪೋಸ್ಟಿಗೆ ಹೋದ ದಿನ ಅವಳು ನನಗೆ ಸ್ಪಷ್ಟವಾಗಿ ಹೇಳಿದಳು: "ರಕ್ತ ಯಾರ್ದು ಅಂತ ನಂಗೆ ಬೇಡ ಕಣಮ್ಮಿ. ಕೂಸನ್ನ ಬುಟ್ಟು ಹೋದ್ನಾ ಇಲ್ವಾ, ಅದೊಂದು ಹೇಳು. ಹೇಳಕ್ಕಾಗುತ್ತಾ ನಿನ್ ಎಂಜಲಿಗೆ?"

ರಿಸಲ್ಟ್ ಬಂದಾಗ ನಾನು ಊಟಿಯ ನನ್ನ ಮನೆಯಲ್ಲಿ ಒಬ್ಬಳೇ ಕಿರುಚಿದೆ. ಫೋನಿನ ಭೂಪಟದಲ್ಲಿ ನಮ್ಮ ದಕ್ಷಿಣವೆಲ್ಲ ಬಣ್ಣ ತುಂಬಿಕೊಂಡಿತ್ತು. ಅಷ್ಟು ದೂರದಲ್ಲಿ, ಸ್ಕಾಟ್ಲೆಂಡಿನ ಮೇಲೆ ಒಂದು ಚುಕ್ಕೆ, ಉತ್ತರ ಐರ್ಲೆಂಡಿನ ಮೇಲೆ ಇನ್ನೊಂದು! ಕೆಳಗೆ ನನ್ನ ರಕ್ತಕ್ಕೆ ಹೊಂದುವವರ ಪಟ್ಟಿ. ಮೇಲೆಯೇ ಇದ್ದ ಹೆಸರಿಗೆ ಆ ಕ್ಷಣವೇ ಮೇಲ್ ಬರೆದೆ. ನನ್ನದೇ ವಯಸ್ಸಿನ, ರಿಟೈರ್ ಆದ ನರ್ಸು. "ಮೈ ಡಿಯರ್ ಕಸಿನ್" ಎಂದೇ ಉತ್ತರ ಶುರುವಾಗಿತ್ತು. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಅವರ ಹಿರಿಯರು ತಲೆಮಾರುಗಳ ಹಿಂದೆ ಸ್ಕಾಟ್ಲೆಂಡಿನಿಂದ ಸಮುದ್ರ ದಾಟಿ ಐರ್ಲೆಂಡಿನಲ್ಲಿ ಬೇಸಾಯಕ್ಕೆ ಕೂತವರಂತೆ. ಅಲ್ಲಿಂದಲೂ ಮಕ್ಕಳು ಅಮೆರಿಕಾ, ಕೆನಡಾ ಎಂದು ಚೆದುರಿದರು. ಅವಳ ಮುತ್ತಾತನ ತಮ್ಮನೊಬ್ಬ ಟೀ ಬೆಳೆಯಲು ಹೋದ. ಹುಟ್ಟು ಸಾವು ಬರೆದಿಡುವ ಅವರ ಮನೆಯ ಬೈಬಲಿನಲ್ಲಿ ಅವನ ಹೆಸರಿನ ಮುಂದೆ "ಇಂಡಿಯಾ" ಎಂದಿದೆ, ಮುಂದೆ ಖಾಲಿ.

ಆ ಖಾಲಿ ಜಾಗವೇ ನಾನು ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಚರ್ಚಿಗೆ ಹೋದೆ. ಪಾದ್ರಿಗಳು ಹಳೆಯ ಬ್ಯಾಪ್ಟಿಸಮ್ ರಿಜಿಸ್ಟರನ್ನು ಎಲೆ ಎಲೆಯಾಗಿ ತಿರುವಿದರು. ಅಜ್ಜಿಯ ಹೆಸರು ಸಿಕ್ಕಿತು. ಅಪ್ಪನ ಹೆಸರಿನ ಜಾಗದಲ್ಲಿ ಕಸಿನ್ ಮನೆಯ ಬೈಬಲಿನಲ್ಲಿದ್ದ ಅದೇ ಹೆಸರು, ಅದೇ ಸ್ಪೆಲಿಂಗು. ಫೋಟೋ ತೆಗೆದುಕೊಂಡು ಅದೇ ಸೀರೆಯಲ್ಲಿ ಗೂಡಲೂರು ಬಸ್ಸು ಹತ್ತಿದೆ. ಪೈಕಾರ ದಾಟುವಷ್ಟರಲ್ಲಿ ಪಕ್ಕದ ಸೀಟಿನವರಿಗೂ ನನ್ನ ವಂಶವೃಕ್ಷ ಬಾಯಿಪಾಠವಾಗಿತ್ತು.

ಅಕ್ಕ ಫೋಟೋವನ್ನು ದೂರ ಹಿಡಿದು ನೋಡಿದಳು. "ಹೆಸ್ರು ಬರ್ಸಿ, ಮಾರನೇ ದಿನ ಹಡಗು ಹತ್ತಿರ್ಬೋದಲ್ಲ? ಇದಕ್ಕೆ ರೇಷ್ಮೆ ಸೀರೆ ಬೇರೆ!"

ಗಾಳಿ ಹೋದ ಬಲೂನಿನಂತೆ ಕೂತೆ. ಅವಳು ಹೇಳಿದ್ದು ಸರಿ. ಡಿಎನ್‌ಎ ರಕ್ತ ಹೇಳಿತು, ರಿಜಿಸ್ಟರು ಹೆಸರು ಹೇಳಿತು. ಅವನು ಇದ್ದನೋ ಹೋದನೋ ಎಂದು ಎರಡೂ ಹೇಳಲಿಲ್ಲ.

ಆದರೂ ಮುಂದಿನ ಭಾನುವಾರ ಕಸಿನ್ ಜೊತೆ ವಿಡಿಯೋ ಕಾಲ್ ಇಟ್ಟುಕೊಂಡದ್ದು ಅಕ್ಕನ ಮನೆಯಲ್ಲೇ. ಹೇಗಾದರೂ ಮಾಡಿ ಅವಳನ್ನು ಎದುರು ಕೂರಿಸಬೇಕು ಎಂಬ ಆಸೆ. ಸಿಗ್ನಲ್ಲು ಸಿಗುವುದು ಕಿಟಕಿಯ ಹತ್ತಿರ ಮಾತ್ರ, ಬಿಸಿಲು ಬರುವುದೂ ಅಲ್ಲೇ. ಬಿಸಿಲು ಬಿಟ್ಟು ಏಳುವವಳಲ್ಲ ಅಕ್ಕ. ಹಾಗಾಗಿ, "ನಾನೇನೂ ಮಾತಾಡಲ್ಲ" ಎನ್ನುತ್ತಲೇ ಫೋನಿನ ಎದುರು ಕೂತುಬಿಟ್ಟಳು.

ಪರದೆಯಲ್ಲಿ ಬಿಳಿ ಕೂದಲಿನ, ನಮ್ಮ ಅಜ್ಜಿಯ ಕಣ್ಣಿನ ಹೆಂಗಸು ಮೂಡಿದಳು. ಅಕ್ಕ ಸೆರಗು ಸರಿಮಾಡಿಕೊಂಡಳು. ಹಲೋ, ಹಲೋ ಆಯಿತು. ಅಷ್ಟರಲ್ಲಿ ಆಕೆ ಮುಂದಕ್ಕೆ ಬಾಗಿ, "ವೇಟ್, ವೇಟ್. ನಿಮ್ಮ ಸಿಸ್ಟರ್ ಹಿಂದೆ ಇರೋದು ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಜಸ್ಟ್ ಸೋಪ್" ಎಂದೆ. ನಮ್ಮ ಮಂಜಿನಲ್ಲಿ ಸೋಪು ಒಣಗುವುದಿಲ್ಲ. ಅಕ್ಕ ಬಾರ್ ಸೋಪನ್ನು ತುಂಡು ಮಾಡಿ, ಕೆಲವನ್ನು ತಲೆಗೆ ತಲೆ ಕೊಟ್ಟು ಗೂಡಿನಂತೆ ನಿಲ್ಲಿಸಿ, ಮೇಲೊಂದು ಅಡ್ಡ ಮಲಗಿಸುತ್ತಾಳೆ. ಎಷ್ಟೋ ವರ್ಷದಿಂದ ನೋಡಿದ್ದೇನೆ, ಯಾಕೆ ಹಾಗೆ ಎಂದು ಒಮ್ಮೆಯೂ ಕೇಳಿಲ್ಲ.

ಆಕೆ ಎದ್ದು ಓಡಿದಳು. ನಮ್ಮ ವಯಸ್ಸಿನವರು ಹಾಗೆ ಓಡಬಾರದು. ಗೋಡೆಯ ಮೇಲಿದ್ದ ಫೋಟೋ ಕಿತ್ತು ತಂದು ಕ್ಯಾಮೆರಾಕ್ಕೆ ಹಿಡಿದಳು. ಜೌಗು ಬಯಲು, ಅದರ ತುಂಬ ಕಪ್ಪು ಇಟ್ಟಿಗೆಗಳ ಪುಟ್ಟ ಪುಟ್ಟ ಗೂಡುಗಳು. ತಲೆಗೆ ತಲೆ, ಮೇಲೊಂದು ಅಡ್ಡ.

"ಇದು ಪೀಟ್" ಎಂದು ನಾನು ಕನ್ನಡಕ್ಕೆ ತಿರುಗಿಸತೊಡಗಿದೆ, "ಒಲೆಗೆ ಹಾಕೋ ಜೌಗು ಮಣ್ಣಂತೆ..."

ಅಕ್ಕ ಎದ್ದು ನಿಂತಿದ್ದಳು. "ನಂಗೇನ್ ಹೇಳ್ತೀಯೆ! ಅಜ್ಜಿ ಗೂಡು ಕಣೆ ಇದು! ಎಸ್ಟೇಟ್ ಹಿಂದ್ಗಡೆ ಜೌಗಿಂದ ಕುಯ್ಕೊಂಡ್ ಬರ್ತಿದ್ವಲ್ಲ, ಉರಿಯೋ ಮಣ್ಣು! ಮಿಕ್ಕೋರೆಲ್ಲ ನೆಲದ ಮೇಲೆ ಹರಡೋರು, ಒಂದ್ ಮಳೆಗೆ ಗೊಜ್ಜು. ಅಜ್ಜೀದೊಂದೇ ಒಣಗ್ತಿತ್ತು. ನನ್ ಕೈ ಹಿಡ್ಕೊಂಡು ನಿಲ್ಸೋದು ಕಲ್ಸಿದ್ಳು. ನೀನಾಗ ತೊಟ್ಟಿಲಲ್ಲಿದ್ದೆ."

ಈಗ ಆ ಮಣ್ಣನ್ನು ಯಾರೂ ಮುಟ್ಟುವಂತಿಲ್ಲ, ಫಾರೆಸ್ಟಿನವರು ಬಿಡುವುದಿಲ್ಲ. ಆ ಕೈಚಳಕ ಸೋಪಿಗೆ ಬಂದು ಕೂತಿದೆ.

ನಾನು ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿದೆ. ಕಸಿನ್ ಜೋರಾಗಿ ತಲೆಯಾಡಿಸಿದಳು. ಅವರಲ್ಲೂ ಹಾಗೆಯೇ ಕಲಿಸುವುದಂತೆ. ಆರೇಳು ವರ್ಷಕ್ಕೆ ಮಕ್ಕಳನ್ನು ಬಯಲಿಗೆ ಕರೆದೊಯ್ಯುತ್ತಾರಂತೆ, ಅವಳ ತಾತ ಅವಳ ಕೈ ಮೇಲೆ ಕೈ ಇಟ್ಟು ಕಲಿಸಿದನಂತೆ. ನೋಡಿ ಕಲಿಯಲಾಗದು, ಕೈಗೆ ಕೈ ಹೇಳಬೇಕು. "ಹಾಗಾದರೆ ನಿಮ್ಮ ಅಜ್ಜಿಗೆ ಕಲಿಸಿದವರು ಯಾರು?" ಎಂದು ಕೇಳಿದಳು.

ಅಕ್ಕನಿಗೆ ಅದನ್ನು ಹೇಳಿದೆ. ಅವಳು ಮೆಲ್ಲಗೆ ಕೂತಳು.

"ಅವ್ಳ ಅವ್ವ ಹೆರಿಗೇಲೇ ಹೋದ್ಳು," ಎಂದಳು, ತನಗೆ ತಾನೇ. "ಲೈನ್‌ನೋರಿಗೆ ಬರ್ತಿರ್ಲಿಲ್ಲ, ಬಂದಿದ್ರೆ ಯಾಕೆ ಹರಡ್ತಿದ್ರು? ಹಸುಗೂಸಿಗೆ ಮಣ್ಣು ನಿಲ್ಸೋದು ಕಲ್ಸಕ್ಕಾಗುತ್ತೇನೆ?"

"ಆಗಲ್ಲ ಅಕ್ಕ."

"ಆರೇಳು ವರ್ಷ ಆದ್ರೂ ಆಗ್ಬೇಕು."

"ಆಗ್ಬೇಕು."

ಆಮೇಲೆ ಅವನು ಹಡಗು ಹತ್ತಿದನೋ, ಇದೇ ಬೆಟ್ಟದಲ್ಲಿ ಮಣ್ಣಾದನೋ ನನಗೆ ಇನ್ನೂ ಗೊತ್ತಾಗಿಲ್ಲ. ಎಂಥ ಕೋರ್ಟೂ ಸೋಪನ್ನು ಸಾಕ್ಷಿ ಎಂದು ಒಪ್ಪದು. ಅಂದು ಮಾತ್ರ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದರೆ, ಬಿಪಿ ಮಾತ್ರೆ ನುಂಗಿದ್ದೇನೋ ಇಲ್ಲವೋ ಎಂದು ಅಕ್ಕನ ಮಗಳು ಡಬ್ಬಿ ತೆಗೆದು ನೋಡಿದಳು.

ಅಷ್ಟರಲ್ಲಿ ಕಸಿನ್ ನಗುತ್ತಾ, ಸಿಸ್ಟರ್ ತುಂಡುಗಳನ್ನು ತೀರಾ ಒತ್ತಾಗಿ ಇಟ್ಟಿದ್ದಾರೆ, ನಡುವೆ ಗಾಳಿ ಹೋಗಬೇಕು ಎಂದಳು.

"ಅವ್ಳೂರ್ ಗಾಳಿ ಬೇರೆ, ನಮ್ಮೂರ್ ಗಾಳಿ ಬೇರೆ ಅಂತ ಹೇಳು," ಎಂದಳು ಅಕ್ಕ. ಹೇಳಿದವಳೇ ಕಿಟಕಿಗೆ ತಿರುಗಿ ಮೇಲಿನ ಸೋಪನ್ನು ಎತ್ತಿದಳು. ಕೆಳಗಿನವನ್ನು ಒಂದೊಂದಾಗಿ ಸರಿಸಿ ಅಗಲ ಮಾಡಿದಳು, ತಲೆ ಓರೆ ಮಾಡಿ ನೋಡಿದಳು, ಮತ್ತೆ ಸ್ವಲ್ಪ ಹತ್ತಿರ ತಂದಳು.

"ಕೇಳೇ ಅವ್ಳನ್ನ. ನಮ್ ಮುತ್ತಾತ ಎಷ್ಟು ಸಂದು ಬುಡ್ತಿದ್ನಂತೆ?"

ಇಷ್ಟು ವರ್ಷದಲ್ಲಿ ಮುತ್ತಾತ ಎಂಬ ಪದ ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಗಡಿಬಿಡಿಯಲ್ಲಿ ನಾನು ಅದನ್ನು ಕಸಿನ್‌ಗೆ ಕನ್ನಡದಲ್ಲೇ ಹೇಳಿಬಿಟ್ಟೆ. ಪರದೆಯಿಂದ ಆಕೆ, "ವಾಟ್ ಡಿಡ್ ಶೀ ಸೇ? ವಾಟ್ ಡಿಡ್ ಶೀ ಸೇ?" ಎನ್ನುತ್ತಿದ್ದಳು.

"ಕಾನ್ವೆಂಟಲ್ಲಿ ಓದ್ಸಿದ್ದು ಯಾಕೆ ನಿನ್ನ?" ಅಕ್ಕ ಸೋಪಿನ ಕೈಯಲ್ಲೇ ನನ್ನ ಭುಜ ತಿವಿದಳು. "ಕೇಳು!"